ಮನೆಯ ಮದ್ದಿನ ಪೆಟ್ಟಿಗೆ

ದಕ್ಷಿಣ ಕನ್ನಡ ಜಿಲ್ಲೆಯ ಅನೇಕ ಮನೆಗಳಲ್ಲಿ ಬಿಳಿಯ ಸಕ್ಕರೆ ಗುಳಿಗೆಗಳ ಚಿಕ್ಕ ಸೀಸೆಗಳನ್ನು ಇಟ್ಟುಕೊಳ್ಳುವ ವಾಡಿಕೆಯುಂಟು. 1880ರಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಗಳು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಸ್ಥಾಪಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಲ್ಪಿಸಿದರು. ಅವರ ದಯೆಯ ಸ್ಮರಣೆಯು ಈ ಗುಳಿಗೆಗಳೊಡನೆ ಬೆರೆತುಕೊಂಡಿರುವುದು.

ಈ ಪದ್ಧತಿಯ ಮೂಲಪುರುಷನು ಜರ್ಮನ್ ವೈದ್ಯನಾದ ಹಾನೆಮನ್ (1755–1843). ಆರೋಗ್ಯವಂತನಲ್ಲಿ ಯಾವ ವಸ್ತುವು ಯಾವ ಲಕ್ಷಣಗಳನ್ನು ಹುಟ್ಟಿಸುವುದೋ ಅದೇ ವಸ್ತುವು ಅತ್ಯಲ್ಪ ಪ್ರಮಾಣದಲ್ಲಿ ಅಂಥ ಲಕ್ಷಣಗಳುಳ್ಳ ರೋಗವನ್ನು ನೀಗಿಸುವುದೆಂಬುದೇ ಅವನ ಮತ. ಆದಕಾರಣ ಬಿದ್ದ ಪೆಟ್ಟಿಗೆ ಆರ್ನಿಕಾ, ಹಲ್ಲು ಮೂಡುವ ಶಿಶುವಿಗೆ ಕ್ಯಾಮೊಮಿಲ್ಲಾ, ಅಜೀರ್ಣಕ್ಕೆ ನಕ್ಸ್ ವಾಮಿಕಾ ಎಂದು ಆರಿಸುವರು. ಆರಿಸುವುದಕ್ಕೆ ಮುಂಚೆ ಬೇನೆಯು ಎಂದು ತೊಡಗಿತು, ಬಾಯಾರಿಕೆಯುಂಟೇ, ನಿದ್ರೆ ಹೇಗೆ, ಮೂತ್ರವು ಸರಿಯಾಗಿ ಹೋಗುತ್ತಿದೆಯೇ ಎಂದು ವಿಚಾರಿಸಬೇಕು. ಈ ವಿಚಾರಣೆಯೇ ಪೆಟ್ಟಿಗೆಯು ನಮಗೆ ಕಲಿಸುವ ಉತ್ತಮ ಪಾಠ.

ಗುಳಿಗೆಯ ಶಕ್ತಿಯ ವಿಷಯದಲ್ಲಿ ಮಾತ್ರ ಸತ್ಯವನ್ನು ಮರೆಮಾಡಲಾಗದು. ಒಂದು ತೊಟ್ಟನ್ನು ತೊಂಬತ್ತೊಂಬತ್ತು ತೊಟ್ಟುಗಳಲ್ಲಿ ಬೆರಸಿ ಕುಲುಕಿ, ಅದರಲ್ಲಿ ಒಂದು ತೊಟ್ಟನ್ನು ತೆಗೆದು ಪುನಃ ಹಾಗೆಯೇ ಮಾಡುತ್ತ ಹೋಗುವರು. 'ಮೂವತ್ತು' ಎಂದು ಬರೆದ ಸೀಸೆಯಲ್ಲಿ ಈ ಕ್ರಿಯೆಯು ಮೂವತ್ತು ಬಾರಿ ನಡೆದಿರುವುದು. ರಸಾಯನಶಾಸ್ತ್ರವನ್ನೋದುವ ವಿದ್ಯಾರ್ಥಿನಿಯು ಲೆಕ್ಕಹಾಕಿದರೆ, ಸುಮಾರು ಹನ್ನೆರಡನೆಯ ಬಾರಿಯ ಅನಂತರ ಮೂಲದ್ರವ್ಯದ ಒಂದು ಅಣುವೂ ಉಳಿಯುವುದು ದುರ್ಲಭವೆಂದು ಕಾಣುವಳು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯ ಸಂಶೋಧನಾ ಮಂಡಲಿಯೂ, ಈ ಚಿಕಿತ್ಸೆಯಿಂದ ಗುಣವಾಗುವುದೆಂದು ನಂಬತಕ್ಕ ಪ್ರಮಾಣವು ಯಾವ ವ್ಯಾಧಿಯಲ್ಲಿಯೂ ದೊರೆಯಲಿಲ್ಲವೆಂದು ತೀರ್ಮಾನಿಸಿತು. ನೆಗಡಿ, ಸಣ್ಣ ಪೆಟ್ಟು ಮೊದಲಾದುವು ತಾವಾಗಿಯೇ ವಾಸಿಯಾಗುವುವು. ಕೀರ್ತಿಯು ಗುಳಿಗೆಗೆ ಸಲ್ಲುವುದು.

ಸಣ್ಣ ಬೇನೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಭೇದಿಯಿಂದ ನರಳುವ ಶಿಶುವಿಗೆ ಗುಳಿಗೆಯ ಮೇಲೆ ಗುಳಿಗೆಯನ್ನು ಬದಲಾಯಿಸುತ್ತ ಕುಳಿತರೆ, ದೇಹದ ನೀರು ಬತ್ತಿ ಪ್ರಾಣಕ್ಕೇ ಅಪಾಯವು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ, ವೈದ್ಯರಾದ ದಿಲೀಪ ಮಹಲನಬೀಸರು ಸಕ್ಕರೆ ಉಪ್ಪುಗಳ ನೀರನ್ನು ಕುಡಿಸಿ ಅಸಂಖ್ಯ ಪ್ರಾಣಗಳನ್ನುಳಿಸಿದರು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದಕ್ಕಿಂತ ಹೆಚ್ಚು ಉಪ್ಪು ಕೂಡದು. ಔಷಧದಂಗಡಿಯ ಓ.ಆರ್.ಎಸ್. ಪೊಟ್ಟಣವು ಇನ್ನೂ ಉತ್ತಮ. ಎದೆಹಾಲನ್ನು ನಿಲ್ಲಿಸಬಾರದು.

ಕಣ್ಣು ಗುಳಿಬಿದ್ದರೆ, ಮೂತ್ರವು ಕಡಮೆಯಾದರೆ, ಮಗುವು ಮಂಕಾದರೆ, ಉಸಿರಾಟವು ತೀವ್ರವಾದರೆ, ಸೆಳವು ಬಂದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರವೇರಿದರೆ, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಸೋದರಿಯರೇ, ನಿಮ್ಮ ಪೆಟ್ಟಿಗೆಯಲ್ಲಿ ಜ್ವರಮಾಪಕವೂ, ಓ.ಆರ್.ಎಸ್. ಪೊಟ್ಟಣಗಳೂ, ಲಕ್ಷಣಗಳನ್ನು ಬರೆದಿಡುವ ಪುಸ್ತಕವೂ ಇರಲಿ. ರೋಗಿಯ ಮಗ್ಗುಲಲ್ಲಿ ಎಚ್ಚತ್ತು ಕುಳಿತುಕೊಳ್ಳುವ ಪ್ರೀತಿಯು ದೇವರ ವರವು. ಯಾವಾಗ ಎದ್ದು ವೈದ್ಯರನ್ನು ಕರೆಯಬೇಕೆಂಬ ತಿಳಿವಳಿಕೆಯನ್ನು ನಾವೇ ಕಲಿತು ಸಂಪಾದಿಸಬೇಕು.