ತೇರಿನ ಮೇಲೆ ಬಿದ್ದ ಮಳೆ

ಮಾತೆ ಮರಿಯಮ್ಮನವರ ಜನನೋತ್ಸವವಾದ ಸೆಪ್ಟೆಂಬರ್ 8 ನಮ್ಮ ನಾಡಿನಲ್ಲಿ ಹುಬ್ಬೆ ಮಳೆಯ ದಿನಗಳಲ್ಲಿಯೇ ಬರುತ್ತದೆ. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಕುಟುಂಬಗಳಲ್ಲಿ ನವೇನದ ದಿನಗಳಂದು ಪ್ರಾರ್ಥನೆಯ ಜೊತೆಗೇ ಮೋಡದ ಮಾತೂ ನಡೆಯುತ್ತದೆ. ತೇರು ಹೊರಟಾಗ ಹನಿ ಬಿದ್ದರೆ ಕೆಲವರಿಗೆ ಅದು ಮಾತೆಯ ಆಶೀರ್ವಾದ, ಕೆಲವರಿಗೆ ಅಪಶಕುನ. ಒಂದೇ ಹನಿ ಎರಡು ವಿರುದ್ಧ ಅರ್ಥಗಳನ್ನು ಹೊರುವುದಾದರೂ ಹೇಗೆ?

ಹಬ್ಬದ ದಿನ ಆಕಾಶ ನೋಡುವ ರೂಢಿ ನಮ್ಮದು ಮಾತ್ರವಲ್ಲ. ಪ್ರವಾದಿ ಎಲೀಯನ ಹಬ್ಬದ ಸಮಯದಲ್ಲಿ ಗುಡುಗಿದರೆ, ಆತನು ಅಗ್ನಿರಥವೇರಿ ಮುಗಿಲಿನಲ್ಲಿ ಸಾಗುತ್ತಿದ್ದಾನೆಂದು ರಷ್ಯಾದ ರೈತರು ಹೇಳುತ್ತಿದ್ದರು. ಆ ದಿನ ಕಳೆದರೆ ಹೊಳೆಯಲ್ಲಿ ಈಜುವುದನ್ನು ಬಿಡುತ್ತಿದ್ದರು. ಬರಗಾಲದ ಕೊನೆಯಲ್ಲಿ ಅಂಗೈಯಷ್ಟು ಮೋಡ ತೋರಿಸಿದ ಪ್ರವಾದಿಗೆ ಗುಡುಗು ಸಲ್ಲದೆಂದು ಹೇಳುವವರು ಯಾರು! ಕಾರ್ಮೆಲ್ ಸಭೆಯವರು ಆ ಹಬ್ಬವನ್ನು ಜುಲೈ 20ರಂದು ಆಚರಿಸುತ್ತಾರೆ. ಹಳೆಯ ಪಂಚಾಂಗವನ್ನೇ ಉಳಿಸಿಕೊಂಡ ರಷ್ಯಾದ ಧರ್ಮಸಭೆಯಲ್ಲಿ ಅದು ಈಗ ಆಗಸ್ಟ್ 2ಕ್ಕೆ ಬೀಳುತ್ತದೆ.

ಇಂಗ್ಲೆಂಡಿನ ಕಥೆ ಇನ್ನೂ ಸ್ವಾರಸ್ಯಕರ. ಸಂತ ಸ್ವಿದಿನ್‌ರ ದಿನವಾದ ಜುಲೈ 15ರಂದು ಮಳೆಯಾದರೆ ಮುಂದೆ 40 ದಿನ ಮಳೆಯೆಂಬ ನಂಬಿಕೆ ಅಲ್ಲಿಯದು. 1752ರಲ್ಲಿ ಆ ದೇಶ ಪಂಚಾಂಗದಿಂದ 11 ದಿನಗಳನ್ನು ಕೈಬಿಟ್ಟಿತು. ದಿನ ಸರಿಯಿತು, ಶಕುನ ಮಾತ್ರ ಅದೇ ತಾರೀಖಿಗೆ ಅಂಟಿಕೊಂಡಿತು. ನಮ್ಮ ರೈತರ ಮಳೆ ನಕ್ಷತ್ರಗಳು ಇದಕ್ಕಿಂತ ವಿವೇಕದವು ಎಂದೇ ನಮ್ಮ ಅಭಿಪ್ರಾಯ. ಅವು ಒಂದು ದಿನವನ್ನಲ್ಲ, ಸುಮಾರು 14 ದಿನಗಳ ಅವಧಿಯನ್ನು ನೋಡುತ್ತವೆ. ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಒಂದು; ತೇರು ನೆನೆಯುವುದರಲ್ಲಿ ಅಚ್ಚರಿಯೇನಿದೆ?

ಸಂಜೆಯ ಕೆಂಬಾನು ಕಂಡು ನಾಳೆ ಒಳ್ಳೆಯ ಹವೆಯೆನ್ನುವವರನ್ನು ಯೇಸುಸ್ವಾಮಿ ಹಾಸ್ಯ ಮಾಡಲಿಲ್ಲ. ಕಾಲದ ಸೂಚನೆಗಳನ್ನು ಅರಿಯಲಾರಿರಾ ಎಂದಷ್ಟೇ ಕೇಳಿದರು. ಸೂಚನೆ ಬೇರೆ, ಕಾರಣ ಬೇರೆ. ಇವೆರಡನ್ನೂ ಬೆರೆಸಿದಾಗ ಶಕುನವು ದೋಷಿಯನ್ನು ಹುಡುಕತೊಡಗುತ್ತದೆ. ತೇರು ನೆನೆದ ವರ್ಷ ಕಾಯಿಲೆಯೋ ಸಾವೋ ಸಂಭವಿಸಿದರೆ, ಹಬ್ಬದ ಖರ್ಚು ವಹಿಸಿಕೊಂಡ ಮನೆಯವರತ್ತ, ಅದರಲ್ಲಿಯೂ ಆ ಮನೆಯ ಸೊಸೆಯತ್ತ, ಬೆರಳು ತೋರಿಸುವ ಮಾತುಗಳು ನಮ್ಮ ಕಿವಿಗೂ ಬಿದ್ದಿವೆ. ಇದು ಭಕ್ತಿಯಲ್ಲ, ಕ್ರೌರ್ಯ.

2022ರ ಸೆಪ್ಟೆಂಬರ್ ಮೊದಲ ವಾರ, ನವೇನದ ದಿನಗಳಲ್ಲಿಯೇ, ನಗರದ ಪೂರ್ವ ಬಡಾವಣೆಗಳು ಜಲಾವೃತವಾದವು. 2024ರ ಬೇಸಿಗೆಯಲ್ಲಿ ಅದೇ ನಗರದ ಕೊಳವೆಬಾವಿಗಳು ಬತ್ತಿದವು. ಮುಚ್ಚಿಹೋದ ಕೆರೆಗಳು, ಒತ್ತುವರಿಯಾದ ರಾಜಕಾಲುವೆಗಳು, ನಮ್ಮ ಪಕ್ಕದಲ್ಲಿಯೇ ಕೊಳಚೆಯಾಗಿ ಹರಿಯುವ ವೃಷಭಾವತಿ: ಇವುಗಳಿಗೆ ಯಾವ ಸೊಸೆ ಹೊಣೆ?

ಮಳೆ ಬೇಡಲಿಕ್ಕೂ ಒಳ್ಳೆಯ ಹವೆ ಬೇಡಲಿಕ್ಕೂ ಪೂಜಾಗ್ರಂಥದಲ್ಲಿ ಪ್ರಾರ್ಥನೆಗಳಿವೆ, ಬೇಡೋಣ. ಈ ಬಾರಿ ತೇರಿಗೆ ಟಾರ್ಪಾಲನ್ನು ಮೊದಲೇ ಸಿದ್ಧವಿಡುವುದು. ಮನೆಯ ತಾರಸಿಯ ನೀರು ಇಂಗುಗುಂಡಿಗೆ ಹೋಗುತ್ತಿದೆಯೇ ಎಂದು ನವೇನ ಆರಂಭವಾಗುವ ಮುನ್ನ ನೋಡಿಕೊಳ್ಳುವುದು.