ಹೂ ಬಿಡುವ ಮುನ್ನವೇ ಕೀಳಬೇಕಾದ ಗಿಡ

ಮಳೆಗಾಲ ಆರಂಭವಾದೊಡನೆ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ಖಾಲಿ ನಿವೇಶನಗಳಲ್ಲಿಯೂ ಮನೆಯಂಗಳದ ಕೈತೋಟಗಳಲ್ಲಿಯೂ ಹುಲುಸಾಗಿ ಬೆಳೆದು, ಪುಟ್ಟ ಬಿಳಿ ಹೂಗಳನ್ನು ತಳೆಯುವ ಗಿಡವೇ ಪಾರ್ಥೇನಿಯಂ. ಜನರ ಬಾಯಲ್ಲಿ ಇದು ‘ಕಾಂಗ್ರೆಸ್ ಗಿಡ’. ಅಮೆರಿಕ ಖಂಡದ ಉಷ್ಣವಲಯದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಮುಂದೆ ದೇಶದಾದ್ಯಂತ ಹಬ್ಬಿತು.

ಇದರಲ್ಲಿರುವ ‘ಪಾರ್ಥೆನಿನ್’ ಎಂಬ ರಾಸಾಯನಿಕವು ಚರ್ಮದ ಅಲರ್ಜಿಗೆ ಕಾರಣವಾಗುತ್ತದೆ. ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಮತ್ತು ಕೆಂಪು ಗಂಧೆಗಳು ಕಾಣಿಸಿಕೊಳ್ಳುವುದು ಇದರ ಲಕ್ಷಣ. ಪರಾಗವು ಉಸಿರಿನೊಡನೆ ಸೇರಿದರೆ ಸೀನು, ನೆಗಡಿ, ಕೆಲವರಲ್ಲಿ ಉಬ್ಬಸವೂ ಉಂಟಾಗುವುದು. ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತರೂ ಏನೂ ಆಗದಿದ್ದವರಿಗೆ ಸಹ ಅಲರ್ಜಿ ಅಂಟಿಕೊಳ್ಳಬಹುದು. ಒಮ್ಮೆ ಅಂಟಿಕೊಂಡರೆ ಗಿಡದ ಧೂಳು ಸೋಕಿದಾಗಲೆಲ್ಲ ಮರುಕಳಿಸುತ್ತದೆ.

ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಅವು ಮಣ್ಣಿನಲ್ಲಿ ಹಲವು ವರ್ಷ ಜೀವಂತವಾಗಿರುತ್ತವೆ. ಕುಡುಗೋಲಿನಿಂದ ಸವರಿದರೆ ಬುಡ ಮತ್ತೆ ಚಿಗುರುತ್ತದೆ. ಆದ್ದರಿಂದ ಮಳೆ ಬಿದ್ದು ನೆಲ ಮೆತ್ತಗಾಗಿರುವಾಗ, ಹೂ ಬಿಡುವ ಮುನ್ನವೇ, ಬೇರುಸಹಿತ ಕೀಳಬೇಕು. ಮೊಳೆತ ಕೆಲವೇ ವಾರಗಳಲ್ಲಿ ಹೂ ಬಿಡುವುದರಿಂದ ಮಳೆಗಾಲದುದ್ದಕ್ಕೂ ಎರಡು ಮೂರು ವಾರಕ್ಕೊಮ್ಮೆ ಈ ಕಾರ್ಯ ನಡೆಯಬೇಕು. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಹಾಕಬಾರದು. ಉಪ್ಪುನೀರು ಎರಚಿದರೆ ಗಿಡ ಒಣಗುವುದು ನಿಜವಾದರೂ ತೋಟದ ಮಣ್ಣು ಕೆಡುತ್ತದೆ.

ಎಲೆಗಳ ಮೇಲೆ ಕೆನೆಬಣ್ಣದ ಬೆನ್ನಿಗೆ ಕಪ್ಪು ಗೆರೆಗಳಿರುವ ಸಣ್ಣ ಜೀರುಂಡೆಗಳು ಕಂಡರೆ ಕೊಲ್ಲಬೇಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕೀಟಗಳ ಸಂತತಿ ಅದು. ಆದರೆ ಮಳೆಗಾಲ ಕಳೆದ ಮೇಲೆ ಅವು ಮಣ್ಣಿನೊಳಗೆ ಸುಪ್ತವಾಗುತ್ತವೆ. ಅವುಗಳನ್ನೇ ನಂಬಿ ಕೂರಲಾಗದು.

ಕೀಳುವಾಗ ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಮೂಗು ಬಾಯಿ ಮುಚ್ಚುವ ಮಾಸ್ಕ್ ಅಗತ್ಯ. ಬಳಿಕ ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯಬೇಕು. ಉಬ್ಬಸ ಅಥವಾ ಚರ್ಮದ ಅಲರ್ಜಿ ಉಳ್ಳವರು ಈ ಕೆಲಸಕ್ಕೆ ಇಳಿಯಬಾರದು. ತುರಿಕೆ ಕಾಣಿಸಿಕೊಂಡರೆ ಅಂಗಡಿಯ ಮುಲಾಮು ಹಚ್ಚದೆ ಚರ್ಮವೈದ್ಯರನ್ನು ಕಾಣುವುದು ಕ್ಷೇಮ. ಕೂಲಿಯವರಿಂದ ಕೀಳಿಸುವಾಗ ಅವರಿಗೂ ಕೈಗವಸು, ಮಾಸ್ಕ್ ಒದಗಿಸುವುದು ಮನೆಯವರ ಕರ್ತವ್ಯ. ನಮ್ಮ ಅಂಗಳ ಶುಚಿಯಾಗುವುದಕ್ಕೆ ಇನ್ನೊಬ್ಬರ ಆರೋಗ್ಯ ಬೆಲೆಯಾಗಬಾರದು.