ಊಹೆಗೆ ಸಿಗದ ಸಂಖ್ಯೆ ಕಂಪ್ಯೂಟರಿಗೆ ಎಲ್ಲಿಂದ ಬರುತ್ತದೆ?

ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ ಪ್ರೋಗ್ರಾಂ ಒಂದು ಬೀಜಸಂಖ್ಯೆಯಿಂದ ಹೊರಟು, ನಿಶ್ಚಿತ ಸೂತ್ರದಂತೆ ಸಾಗುತ್ತದೆ. ಬೀಜ ತಿಳಿದವರಿಗೆ ಮುಂದಿನ ಸಂಖ್ಯೆಗಳೆಲ್ಲ ತಿಳಿದಂತೆಯೇ. ಹಾಗಾಗಿ ಬೀಜವು ಸೂತ್ರದ ಹೊರಗಿನಿಂದ, ಅಂದರೆ ಹಾರ್ಡ್‌ವೇರ್‌ನಿಂದ ಬರಬೇಕು.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಕೀಬೋರ್ಡ್‌ನ ಕೀಲಿ ಒತ್ತಿದ, ಡಿಸ್ಕ್ ಉತ್ತರಿಸಿದ, ನೆಟ್‌ವರ್ಕ್‌ನಿಂದ ದತ್ತಾಂಶ ಬಂದ ಕ್ಷಣಗಳನ್ನು ಸೂಕ್ಷ್ಮವಾಗಿ ಅಳೆದು, ಬೆರೆಸಿ ಬೀಜ ಮಾಡಿಕೊಳ್ಳುತ್ತದೆ. ಇಂಟೆಲ್‌ನ 2012ರ ಐವಿ ಬ್ರಿಜ್ ಪ್ರೊಸೆಸರ್‌ಗಳಲ್ಲಿ ಯಾದೃಚ್ಛಿಕ ಬಿಟ್‌ಗಳನ್ನು ಕೊಡಲೆಂದೇ ಒಂದು ಸರ್ಕ್ಯೂಟ್ ಬಂತು. ಅದನ್ನು 0 ಮತ್ತು 1ರ ನಡುವಿನ ಅಸ್ಥಿರ ಸ್ಥಿತಿಗೆ ತಂದು ಬಿಡಲಾಗುತ್ತದೆ. ಉಷ್ಣದಿಂದಾಗುವ ವಿದ್ಯುತ್ ಏರಿಳಿತ ಅದನ್ನು ಯಾವ ಕಡೆಗೆ ತಳ್ಳುತ್ತದೋ ಅದೇ ಒಂದು ಬಿಟ್.

ಒಂದೇ ಮೂಲವನ್ನು ನೆಚ್ಚುವುದು ಅಪಾಯ. 2019ರಲ್ಲಿ ಎಎಂಡಿಯ ರೈಜನ್ 3000 ಪ್ರೊಸೆಸರ್‌ಗಳು ದೋಷವೊಂದರಿಂದ ಪ್ರತಿ ಬಾರಿಯೂ ಒಂದೇ ಸಂಖ್ಯೆ ಕೊಟ್ಟವು. ಇಂಥ ಅಪಾಯ ತಪ್ಪಿಸಲೆಂದೇ ಕರ್ನಲ್ ಹಲವು ಮೂಲಗಳನ್ನು ಬೆರೆಸುತ್ತದೆ. ಒಂದು ಕೆಟ್ಟರೂ ಉಳಿದವು ಕಾಯುತ್ತವೆ.

ಯಂತ್ರ ಆಗಷ್ಟೇ ಚಾಲೂ ಆದಾಗ ಬೀಜದ ಕೊರತೆ ಹೆಚ್ಚು. 2012ರ ಸಂಶೋಧನೆಯೊಂದು ಇಂಟರ್ನೆಟ್ಟಿನಲ್ಲಿದ್ದ ಅನೇಕ ರೂಟರ್, ಫೈರ್‌ವಾಲ್‌ಗಳ ಗೂಢಲಿಪಿ ಕೀಲಿಗಳು ಇದೇ ಕಾರಣಕ್ಕೆ ದುರ್ಬಲವಾಗಿದ್ದುದನ್ನು ತೋರಿಸಿತು. ಇದನ್ನು ತಪ್ಪಿಸಲು ಹಲವು ಸಿಸ್ಟಂಗಳು ಮುಚ್ಚುವಾಗಲೇ ಮುಂದಿನ ಬಾರಿಗೆ ಬೀಜವನ್ನು ಡಿಸ್ಕ್‌ನಲ್ಲಿ ಉಳಿಸಿಡುತ್ತವೆ.

ಪ್ರೋಗ್ರಾಂ ಬರೆಯುವವರು ರಹಸ್ಯ ಕೀಲಿಗೆ ಗಡಿಯಾರದ ಸಮಯವನ್ನು ಬೀಜವಾಗಿಸದೆ, ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಂನಿಂದಲೇ ಕೇಳಿ ಪಡೆಯಬೇಕು.